ಪಟದ ಮನೆಯಲ್ಲಿ ಉಂಡು ಬಂದೆ

ಮಂಡ್ಯ
೨೨ ಜೂನ್ ೨೦೨೫, ಭಾನುವಾರ ಸಂಜೆ

ನರ್ಸ್ ಬ್ಯಾಗಿನ ತಳದಲ್ಲಿ ಸೋಪಿನ ಗುಳ್ಳೆ ಊದುವ ಡಬ್ಬಿ ಬಚ್ಚಿಟ್ಟುಕೊಂಡು ಓಡಾಡುವ ನನ್ನ ಮುದ್ದು ಅಮ್ಮನಿಗೆ, ನಿನ್ನ ಶೋಭಿಯ ಬಿಗಿಯಾದ ಅಪ್ಪುಗೆ.

ಮೊದಲು ಕೂತುಕೋ. ಒಲೆ ಆರಿಸಿ ಕೂತುಕೋ. ಫೋನಿನಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಕುಕ್ಕರ್ ಕೂಗುತ್ತಿದೆ ಅಂತ ಕಟ್ ಮಾಡುತ್ತೀಯ. ಒಬ್ಬಳೇ ಇರುವ ಮನೆಯಲ್ಲಿ ಅಷ್ಟು ಸಲ ಕುಕ್ಕರ್ ಕೂಗುವಂಥದ್ದು ಏನು ಬೇಯಿಸುತ್ತೀಯೋ ದೇವರಿಗೇ ಗೊತ್ತು. ಇವತ್ತಂತೂ ನೀನು ಡ್ಯೂಟಿ ಅಂತ ಹೇಳಿ ಫೋನ್ ಆಫ್ ಮಾಡಿಕೊಂಡೆ. ಅದಕ್ಕೇ ಕಾಗದ. ನಾಳೆ ಬೆಳಗಿನ ಬಸ್ಸಿಗೆ ಮಳವಳ್ಳಿಗೆ ಬರುವ ಅಜ್ಜಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದವನ್ನು ನೀನು ಕಟ್ ಮಾಡಲಾರೆ, ನೋಡೋಣ.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಲಗೈ ತೋರುಬೆರಳನ್ನು ದಾರ ಕೊಯ್ದಿದೆ. ಯಾವ ದಾರ ಅಂತ ಮುಂದೆ ಹೇಳುತ್ತೇನೆ. ಹೇಳುವುದು ಎಷ್ಟಿದೆ ಅಂದರೆ ಯಾವುದನ್ನು ಮೊದಲು ಬರೆಯಲಿ ಅಂತಲೇ ತಿಳಿಯುತ್ತಿಲ್ಲ.

ಸರಿ, ಮೊದಲಿಂದ. ಮದ್ದೂರಿನ ಸಿದ್ದರಾಮು ತಂದ ಸಂಬಂಧ ನಿನಗೆ ನೆನಪಿದೆಯಲ್ಲ. ಹುಡುಗನ ಹೆಸರು ಸಿದ್ದರಾಜು. ಹುಡುಗ ಅಂದೆನಾ? ವಯಸ್ಸು ಐವತ್ತೆರಡು, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ನು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ, ಅಕ್ಕನ ಜೊತೆ ಇದ್ದಾರೆ. ನಿನ್ನನ್ನು ಕೇಳಿದಾಗ ನೀನು ಹೇಳಿದ್ದೇನು? ಯಾರೋ ಏನೋ, ನನಗೆ ಅವರ ಮುಖವೇ ಗೊತ್ತಿಲ್ಲ, ಬೇಕಾದರೆ ನೀವೇ ನೋಡಿಕೊಂಡು ಬನ್ನಿ ಅಂತ. ‘ಮುಖವೇ ಗೊತ್ತಿಲ್ಲ’ ಅಂದ ಮಾತು ನೆನಪಿನಲ್ಲಿಟ್ಟುಕೋ, ಅದಕ್ಕೆ ಆಮೇಲೆ ಬರುತ್ತೇನೆ.

ಗುರುವಾರಕ್ಕೆ ಆಷಾಢ ಹುಟ್ಟುತ್ತದೆ. ಆಮೇಲೆ ಒಂದು ತಿಂಗಳು ಯಾರೂ ಮನೆ ನೋಡಲಿಕ್ಕೆ ಹೋಗುವ ಹಾಗಿಲ್ಲ, ಮಾತು ಕೊಡುವ ಹಾಗಿಲ್ಲ. ಹಾಗಾಗಿ ಚಲುವರಾಜು ಮಾವ ಇವತ್ತೇ ಹೊರಡಿಸಿದರು. ಮಾವ, ಅಜ್ಜಿ, ನಾನು. ಮಗಳಿಗೆ ಗಂಡು ಗೊತ್ತು ಮಾಡುವಾಗ ತಾಯಿ ಮನೆ ನೋಡಲು ಹೋಗುತ್ತಾಳೆ. ನಮ್ಮ ಮನೆಯಲ್ಲಿ ತಾಯಿಗಾಗಿ ಮಗಳು ಹೊರಟಳು! ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ನನಗೆ ನಗು ತಡೆಯಲಾಗಲಿಲ್ಲ. ಮಾವ ಗದರಿಕೊಂಡರು: “ಅಲ್ಲಿ ಓಗಿ ಇಂಗೆ ಕಿಸಕ್ಕಂತ ನಗಬ್ಯಾಡ. ಎಣ್ಣಿನ ಕಡೆಯೋರು ನಾವು, ಗಂಭೀರವಾಗಿರ್ಬೇಕು.”

ಅಜ್ಜಿ ಬಸ್ಸಿನಲ್ಲೇ ಪಾಠ ಶುರುಮಾಡಿದಳು. ಮನೆ ನೋಡಲು ಹೋದವರು ಬಾಳೆಹಣ್ಣು, ಸಕ್ಕರೆ, ಕಾಫಿ ತೆಗೆದುಕೊಳ್ಳಬಹುದು. ಉಪ್ಪು ಬಿದ್ದ ಊಟ ಮಾತ್ರ ಮಾಡಕೂಡದು. ಉಪ್ಪಿನ ಊಟ ಉಂಡರೆ ಸಂಬಂಧ ಒಪ್ಪಿದ ಹಾಗೆಯೇ, ಆಮೇಲೆ ಬೇಡ ಅನ್ನುವಂತಿಲ್ಲ. ಆ ಕಡೆಯವರು ಎಷ್ಟೇ ಬಲವಂತ ಮಾಡಲಿ, ಊಟಕ್ಕೆ ಇನ್ನೊಂದು ದಿನ ಬರುತ್ತೇವೆ ಅಂತ ಎದ್ದುಬಿಡಬೇಕು. ನಾನು ಕಿಟಕಿಯಾಚೆ ನೋಡಿಕೊಂಡು ಹೂಂ ಹೂಂ ಅನ್ನುತ್ತಿದ್ದೆ. ನನ್ನ ತಲೆಯಲ್ಲಿ ನನ್ನದೇ ಪ್ರಶ್ನೆಗಳಿದ್ದವು. ಕುಡಿಯುತ್ತಾರಾ, ಬಿ.ಪಿ. ಶುಗರ್ ಇದೆಯಾ, ಕೆಲಸ ಬಿಡು ಅನ್ನುತ್ತಾರಾ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ನಮ್ಮ ಸ್ಕೂಲಿನ ದೀಪಿಕ ಟೀಚರ್ ನನ್ನನ್ನು ಹುಟ್ಟುತ್ತಲೇ ರಿಟೈರ್ ಆದವಳು ಅಂತ ರೇಗಿಸುವುದು ಸುಮ್ಮನೆ ಅಲ್ಲ.

ಮದ್ದೂರಿನಲ್ಲಿ ಇಳಿದು ಆಟೋ ಹಿಡಿದೆವು. ಶಿವಪುರ ದಾಟಿ ಸ್ವಲ್ಪ ಒಳಕ್ಕೆ ಹೋದರೆ ನಾಲೆ ಪಕ್ಕದಲ್ಲೇ ಮನೆ. ಹಂಚಿನದು, ಮುಂದೆ ಅಗಲವಾದ ಜಗುಲಿ. ಅವರ ಅಕ್ಕ ಮರಿತಾಯಮ್ಮ ಕಾಲಿಗೆ ನೀರು ಕೊಟ್ಟು ಚಾಪೆ ಹಾಕಿದರು. ಮಾವ ಕೂರಬೇಕಲ್ಲ? ಹಿತ್ತಲಿಗೆ ಹೋಗಿ ಹಸು ನೋಡಿದರು, ಬೋರ್‌ವೆಲ್ ಸ್ವಿಚ್ ಹಾಕಿಸಿ ನೀರು ನೋಡಿದರು, ತಲೆ ಎತ್ತಿ ಹಂಚು ನೋಡಿದರು. ಎಲ್ಲದಕ್ಕೂ ಪರವಾಗಿಲ್ಲ ಅನ್ನುವ ಹಾಗೆ ತಲೆಯಾಡಿಸುತ್ತಿದ್ದರು. ಆಮೇಲೆ ನಡುಮನೆ ಪಕ್ಕದ ಕೋಣೆಯ ಬಾಗಿಲು ದೂಡಿದರು. ಭತ್ತ, ರಾಗಿ ಮೂಟೆ ಎಷ್ಟಿದೆ ನೋಡೋಣ ಅಂತ. ಮನೆ ನೋಡುವ ಗಂಡಸರೆಲ್ಲ ಮಾಡುವ ಕೆಲಸವೇ ಅದು.

ಅಮ್ಮ, ಒಳಗೆ ಒಂದು ಮೂಟೆಯೂ ಇರಲಿಲ್ಲ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ, ಗಾಳಿಪಟ! ಕೆಂಪು, ಹಸಿರು, ನೀಲಿ, ಬಣ್ಣ ಮಾಸಿದ್ದು, ತೇಪೆ ಹಾಕಿದ್ದು, ನನ್ನಷ್ಟು ಎತ್ತರದ್ದು ಒಂದು, ಅಂಗೈಯಷ್ಟರದ್ದು ಒಂದು. ಬಾಗಿಲು ತೆಗೆದ ಗಾಳಿಗೆ ಎಲ್ಲವೂ ಒಟ್ಟಿಗೆ ಪಟಪಟ ಅಂದವು. ಗೂಡಿನಲ್ಲಿ ಬುಗುರಿಗಳು, ಉಪ್ಪಿನಕಾಯಿ ಜಾಡಿಯ ತುಂಬ ಗೋಲಿ, ಮೂಲೆಯಲ್ಲಿ ರಿಮೋಟಿನ ಹೆಲಿಕಾಪ್ಟರು. ನಾನು ಬಾಯಿ ತೆರೆದುಕೊಂಡು ನಿಂತೆ. ಮಾವ ಬಾಯಿ ಮುಚ್ಚಲಿಲ್ಲ.

“ಏನವ್ವಾ ಇದು! ಬತ್ತದ ಮೂಟೆ ಇರ್ಬೇಕಾದ ಕ್ವಾಣೇಲಿ ಪಟ ನೇತಾಕವ್ರೆ!” ಅಂತ ಅಜ್ಜಿಯನ್ನು ಕೂಗಿದರು. ಮರಿತಾಯಮ್ಮನ ಮುಖ ಚಿಕ್ಕದಾಯಿತು. ತಮ್ಮ ಕಂಬ ಹತ್ತಿದಾಗ ತಂತಿಗೆ ಸಿಕ್ಕಿಕೊಂಡ ಪಟ ಕಂಡರೆ ಹರಿಯದ ಹಾಗೆ ಇಳಿಸಿಕೊಳ್ಳುತ್ತಾರಂತೆ. ಯಾರಾದರೂ ಕೇಳಿಕೊಂಡು ಬಂದರೆ ಕೊಡುತ್ತಾರೆ. ಬರದಿದ್ದರೆ ಮನೆಗೆ ತಂದು, ಕಡ್ಡಿ ಕಟ್ಟಿ, ಗಂಜಿ ಹಚ್ಚಿ ಸರಿಮಾಡಿ ಇಟ್ಟುಕೊಳ್ಳುತ್ತಾರೆ. ಮೂಟೆಗಳನ್ನು ಅಟ್ಟಕ್ಕೆ ಏರಿಸಿದ್ದಾರೆ. “ಏನ್ ಮಾಡಾನೆ ಹೇಳಿ, ಎಷ್ಟ್ ಹೇಳುದ್ರೂ ಕೇಳಕಿಲ್ಲ,” ಅಂದರು ಪಾಪ. ಅಷ್ಟು ಹೊತ್ತಿಗೆ ಸಿದ್ದರಾಜು ಅವರೇ ಹಿತ್ತಲಿಂದ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅರ್ಧ ನರೆತ ಮೀಸೆ, ಎರಡೂ ಕೈಗೆ ಗಂಜಿ. ನಮಸ್ಕಾರ ಮಾಡಲು ಹೋಗಿ ಕೈ ಅಂಟಿಕೊಂಡಿತು.

ಮಾವ ಜಗುಲಿಗೆ ಬಂದು ನಮ್ಮಿಬ್ಬರ ಕಿವಿಯಲ್ಲಿ ಹೇಳಿದ್ದು: “ಮೀಸೆ ಬೆಳ್ಳಗಾಗೈತೆ, ಇನ್ನೂ ಪಟ ಆರಿಸ್ಕೊಂಡವ್ನೆ. ಇಂತೋನ್ ಕೈಗೆ ನನ್ ತಂಗೀನ ಕೊಟ್ರೆ ಜನ ಏನಂತಾರೆ? ನಾನ್ ಸಿದ್ದರಾಮುಗೆ ಪೋನ್ ಮಾಡಿ ಬ್ಯಾಡ ಅಂತೀನಿ.” ನಾನು ತಡೆದೆ. ದೀಪಿಕ ಹೇಳಿಕೊಟ್ಟ ಪದ ಆಗ ನೆನಪಾಯಿತು. ದೊಡ್ಡವರಾದರೂ ಮಕ್ಕಳ ಆಟ, ಮಕ್ಕಳ ರುಚಿ ಬಿಡದವರಿಗೆ ಈಗಿನವರು ‘ಕಿಡಲ್ಟ್’ ಅನ್ನುತ್ತಾರೆ ಮಾವ, ಅರ್ಧ ಮಗು ಅರ್ಧ ದೊಡ್ಡವರು, ಪಟ್ಟಣದಲ್ಲಿ ಅಂಥವರಿಗೆಂದೇ ಆಟದ ಸಾಮಾನಿನ ಅಂಗಡಿಗಳಿವೆ ಅಂದೆ. ಅದು ಕಾಯಿಲೆಯಾ, ಔಷಧಿ ಇದೆಯಾ ಅಂತ ಮಾವ ಕೇಳಿದರು. ಅಜ್ಜಿ ಎಲೆ ಅಡಿಕೆ ಮಡಿಚುತ್ತಾ ಮಾವನಿಗೆ, “ಅದುಕ್ಕೂ ಒಂದ್ ಹೆಸ್ರು ಬೇಕಾ ಮಗಾ? ನಿಮ್ಮಪ್ಪ ಅರವತ್ತಾದ್ರೂ ಬುಗುರಿ ಬುಟ್ಟಿರ್ನಿಲ್ಲ. ನಾವು ಅವರ್ನ ಯಜಮಾನ್ರು ಅಂತಿದ್ವಿ, ಅಷ್ಟೇಯ,” ಅಂದಳು.

ಮಾವ ಫೋನ್ ಹಿಡಿದುಕೊಂಡು ರಸ್ತೆಗೆ ಹೋದರು. ಸಿಗ್ನಲ್ ಸಿಗದೆ ನಾಲೆ ಏರಿಯ ಮೇಲೆ ಅತ್ತಿಂದಿತ್ತ ತಿರುಗುವುದು ಕಾಣುತ್ತಿತ್ತು. ಇದೇ ಸಮಯ ಅಂತ ನಾನು ಒಳಗೆ ಹೋಗಿ, ನಿಮ್ಮ ಹತ್ತಿರ ಸ್ವಲ್ಪ ಕೇಳುವುದಿದೆ ಅಂದೆ. ಅವರು ನನ್ನ ಗಂಟುಮುಖ ನೋಡಿ ಹೆದರಿಕೊಂಡಿರಬೇಕು. “ಕುರ್ಚಿ ಮೇಲೆ ಕೂತ್ಕಂಡು ಮಾತಾಡಾಕೆ ನಂಗೆ ಬರಕಿಲ್ಲ ಕಣವ್ವ. ಬಯಲಿಗೆ ಬತ್ತೀಯಾ?” ಅಂದರು. ಹಗ್ಗದಿಂದ ಒಂದು ನೀಲಿ ಪಟ ಬಿಡಿಸಿಕೊಂಡರು.

ಆಗ ಕಂಡೆ ಅಮ್ಮ. ಎಲ್ಲ ಪಟಗಳ ಹಿಂದೆ, ಗೋಡೆಗೆ ಮೊಳೆ ಹೊಡೆದು, ಒಂದನ್ನು ಮಾತ್ರ ಬೇರೆಯಾಗಿ ನೇತುಹಾಕಿದ್ದರು. ಹಳೇ ಕ್ಯಾಲೆಂಡರ್ ಹಾಳೆಯ ಪಟ. ಅದರ ಬಾಲಂಗೋಚಿ ಕೆಂಪು ರಿಬ್ಬನ್ನು, ತುದಿಯಲ್ಲಿ ಮಸಿಯ ಕಲೆ. ನನ್ನ ಹೈಸ್ಕೂಲಿನ ರಿಬ್ಬನ್ನು! ಪೆಟ್ಟಿಗೆಯೆಲ್ಲ ಹುಡುಕಿ ಸಿಗದೆ ನಿನ್ನನ್ನು ಕೇಳಿದಾಗ ಇಲಿ ಎಳೆದುಕೊಂಡು ಹೋಗಿರಬೇಕು ಅಂದಿದ್ದೆಯಲ್ಲ, ಅದೇ. ಕಾಲು ತಾನಾಗಿಯೇ ಅವರ ಹಿಂದೆ ನಡೆಯಿತು.

ಕಬ್ಬು ಕಡಿದು ಖಾಲಿ ಬಿಟ್ಟ ಗದ್ದೆ. ಅವರು ಮಾಡಿದ ಮೊದಲ ಕೆಲಸ ಸುತ್ತ ತಿರುಗಿ ಮೇಲೆ ನೋಡಿದ್ದು. “ಮೊದ್ಲು ತಲೆ ಎತ್ತಿ ತಂತಿ ಐತಾ ನೋಡ್ಬೇಕು. ಆಮ್ಯಾಕೆ ಗಾಳಿ.” ಪಟ ಏರಿಸಿ ದಾರ ನನ್ನ ಕೈಗೆ ಕೊಟ್ಟುಬಿಟ್ಟರು. ನನಗೆ ಬರುವುದಿಲ್ಲ ಅಂದರೆ ಕೇಳಲೇ ಇಲ್ಲ. “ಬುಡವ್ವ, ದಾರ ಬುಡು, ಇನ್ನೂ ಬುಡು, ಅದುಕ್ಕೆ ಗೊತ್ತೈತೆ.” ಅದು ಜಗ್ಗಿತು ಅಮ್ಮ! ಮೇಲಿಂದ ಯಾರೋ ಕೈ ಹಿಡಿದು ಎಳೆದ ಹಾಗೆ ಜಗ್ಗಿತು. ನಾನು ಕಿರುಚಿದೆ. ಬೆರಳು ಕೊಯ್ದದ್ದು ಆಗಲೇ, ಗೊತ್ತೇ ಆಗಲಿಲ್ಲ. ಚಪ್ಪಲಿ ಎಲ್ಲೋ ಬಿಟ್ಟು, ಚೂಡಿದಾರದ ವೇಲ್ ಸೊಂಟಕ್ಕೆ ಕಟ್ಟಿ, ಕಬ್ಬಿನ ಕೂಳೆ ಕಾಲಿಗೆ ಚುಚ್ಚುತ್ತಿದ್ದರೂ ಓಡಿದೆ. ಬಿ.ಪಿ. ಶುಗರ್ ಪ್ರಶ್ನೆಗಳನ್ನು ಆಕಾಶ ನೋಡಿಕೊಂಡೇ ಕೇಳಿದೆ. ಕುಡಿಯುವುದಿಲ್ಲ, ಶುಗರ್ ಇಲ್ಲ, ಬಿ.ಪಿ. ಸ್ವಲ್ಪ ಇದೆ. ನಿನ್ನ ಕೆಲಸದ ಬಗ್ಗೆ ಕೇಳಿದರೆ, “ಸೂಜಿ ಚುಚ್ಚೋರ್ಗೆ ನಾನ್ ಎದುರು ಮಾತಾಡ್ತೀನಾ?” ಅಂದರು.

ಕೊನೆಗೆ ಕ್ಯಾಲೆಂಡರ್ ಪಟ ಯಾರದ್ದು ಅಂತ ಕೇಳಿದೆ. ಅವರು ದಾರ ತಮ್ಮ ಕೈಗೆ ತೆಗೆದುಕೊಂಡರು. ಆಮೇಲೆ ಹೇಳಿದರು. ಮಳವಳ್ಳಿಯಲ್ಲಿ ಡ್ಯೂಟಿ ಮಾಡುತ್ತಿದ್ದಾಗ ನಿಮ್ಮ ಬೀದಿಯ ಕಂಬ ಹತ್ತಿದ್ದರಂತೆ. ತಾರಸಿಯಿಂದ ಒಬ್ಬ ನರ್ಸಮ್ಮ ಮೆಲ್ಲಗೆ ಕರೆದು, ತಂತಿಯ ಮೇಲಿನ ಪಟವನ್ನು ಹರಿಯದ ಹಾಗೆ ಇಳಿಸಿಕೊಡುತ್ತೀರಾ ಅಂತ ಕೇಳಿದರಂತೆ. ಇವರು ಇಳಿಸಿ, ಯಾವ ಮಗೀಗಮ್ಮಾ ಅಂದರಂತೆ. ಆ ನರ್ಸಮ್ಮ ಸುತ್ತಲೂ ನೋಡಿ, ಯಾರಿಗೂ ಹೇಳಬೇಡಿ, ನನಗೇ ಅಂದರಂತೆ. ಮೂಲೆ ಹರಿದಿತ್ತು, ಸರಿಮಾಡಿ ತಂದುಕೊಡುತ್ತೇನೆ ಅಂತ ಮಾತು ಕೊಟ್ಟು ತಂದವರು, ಸರಿಮಾಡಿದ ಮೇಲೆ ಕೊಡಲು ಬರುವ ಧೈರ್ಯ ಸಾಲದೆ ಹೋಯಿತಂತೆ. ಅಷ್ಟರಲ್ಲಿ ಮದ್ದೂರಿಗೆ ವರ್ಗವೂ ಆಯಿತು. “ಆವತ್ನಿಂದ ಯಾರ್ಗೂ ಹೇಳಿಲ್ಲ ಕಣವ್ವ. ನಿಂಗೇ ಮೊದ್ಲು ಹೇಳ್ತಿರೋದು,” ಅಂದರು.

ಮುಖವೇ ಗೊತ್ತಿಲ್ಲ ಅಂದೆಯಲ್ಲಾ ತಾಯಿ! ಕಳ್ಳಿ! ನಿಜ ಹೇಳು, ಸಿದ್ದರಾಮು ಸಂಬಂಧ ತಂದ ದಿನ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆಯಲ್ಲ, ಇದಕ್ಕೇ ತಾನೆ?

ಆದರೆ ನಗುತ್ತಾ ನಗುತ್ತಾ ನನಗೆ ಅಳು ಬಂತು. ನೀನು ಪಟ ಹಾರಿಸುತ್ತೀಯ ಅನ್ನುವುದು ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನನಗೇ ಗೊತ್ತಿರಲಿಲ್ಲ. ಅಪ್ಪ ಇದ್ದಾಗ ಮುತ್ತತ್ತಿಯಲ್ಲಿ ಹೊಳೆಗೆ ಕಲ್ಲೆಸೆದು ನೀರಿನ ಮೇಲೆ ಕಪ್ಪೆಯ ಹಾಗೆ ಹಾರಿಸುತ್ತಿದ್ದವಳು ನೀನು, ನನ್ನನ್ನು ಸೋಲಿಸಿ ಕುಣಿಯುತ್ತಿದ್ದವಳು. ಆಮೇಲೆ ಒಂದು ದಿನ ಬಾಗಿಲಲ್ಲಿ ನಿಂತು ಗುಳ್ಳೆ ಊದುತ್ತಿದ್ದಾಗ ಮನೆ ಓನರಮ್ಮ, ಗಂಡ ಸತ್ತೋಳಿಗೆ ಈ ವಯಸ್ಸಲ್ಲಿ ಇದೇನು ಆಟ ಅಂತ ಎಲ್ಲರ ಮುಂದೆ ಅಂದರು. ಅವತ್ತಿನಿಂದ ನಿನ್ನ ಆಟವೆಲ್ಲ ಚಿಲಕ ಹಾಕಿಕೊಂಡ ಮೇಲೆ. ಇದನ್ನು ನೀನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ಆ ಗದ್ದೆಯಲ್ಲಿ ನಿಂತು ನಾನು ಯೋಚಿಸಿದ್ದು ಒಂದೇ. ನನ್ನಮ್ಮ ಚಿಲಕ ಹಾಕಿಕೊಳ್ಳದೆ ಇರಬಹುದಾದ ಮನೆಯೊಂದು ಈ ಭೂಮಿಯ ಮೇಲೆ ಇದೆ, ಮಾವ ಅದನ್ನು ಬೇಡ ಅನ್ನಲು ಸಿಗ್ನಲ್ ಹುಡುಕುತ್ತಿದ್ದಾರೆ.

ಇನ್ನು ಮುಖ್ಯ ವಿಷಯ. ಬೈಯಬೇಡ. ಓಡಿ ಓಡಿ ನನಗೆ ಹಸಿವೆಂದರೆ ಹಸಿವು. ಬೆಳಿಗ್ಗೆ ಬರೀ ಕಾಫಿ ಕುಡಿದು ಹೊರಟಿದ್ದೆವು. ಹಿತ್ತಲಲ್ಲಿ ಕೈಕಾಲು ತೊಳೆದುಕೊಂಡು ಅಡಿಗೆಮನೆಗೆ ಬಂದರೆ ಮರಿತಾಯಮ್ಮ ಮುದ್ದೆ ತಿರುವುತ್ತಿದ್ದಾರೆ, ಉಪ್ಸಾರು ಕುದಿಯುತ್ತಿದೆ, ಒರಳಲ್ಲಿ ಆಗ ತಾನೇ ಅರೆದ ಖಾರ. ಅವರು ಮಾತಿಗೆ ಉಂಡೀಯಾ ಮಗಾ ಅಂದರು. ಅಜ್ಜಿಯ ಬಸ್ಸಿನ ಪಾಠ ಆ ಹೊತ್ತಿಗೆ ನನ್ನ ತಲೆಯಲ್ಲಿ ಎಲ್ಲಿತ್ತು? ಪಟದ ಗುಂಗಿನಲ್ಲಿ ಎಲ್ಲ ಮರೆತುಹೋಗಿತ್ತು. ತಟ್ಟೆ ಮುಂದೆ ಕೂತೆ. ಉಂಡೆ.

ಮಾವ ಬಾಗಿಲಲ್ಲಿ ನಿಂತಾಗ ನನ್ನ ಕೈ ಬಾಯಲ್ಲಿತ್ತು. ಅವರ ಮುಖ ನೋಡಬೇಕಿತ್ತು! “ಉಪ್ಪು ತಿಂದ್ಬುಟ್ಟಲ್ಲೇ ಶೋಬಿ! ಇನ್ನೇನ್ ಉಳೀತು?” ಅಂತ ತಲೆ ಮೇಲೆ ಕೈ ಹೊತ್ತರು. ಮರಿತಾಯಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಆಕೆ ಸೌಟು ಬಿಟ್ಟು ಎದ್ದರು ನೋಡು, ಅರಿಸಿನ ಕುಂಕುಮ, ಎಲೆ ಅಡಿಕೆ, ರವಿಕೆ ಕಣ ಎಲ್ಲ ತಟ್ಟೆಗೆ ಬಂತು. ಅಜ್ಜಿ ಯಾರ ಮುಖವನ್ನೂ ನೋಡದೆ ಸೆರಗೊಡ್ಡಿ ತಾಂಬೂಲ ತೆಗೆದುಕೊಂಡಳು. ಸಿದ್ದರಾಜು ಅವರು ನೀಲಿ ಪಟ ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ನಿಂತೇ ಇದ್ದರು. ಕೂತುಕೊಳ್ಳಿ ಅಂತ ಯಾರೋ ಹೇಳಬೇಕಾಯಿತು.

ಹೊರಡುವಾಗ ಕ್ಯಾಲೆಂಡರ್ ಪಟವನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ತಡವಾಯಿತು ಅಂತ ನಿಮ್ಮಮ್ಮನಿಗೆ ಹೇಳು ಅಂದರು, ಅಷ್ಟೇ.

ಬಸ್ಸಿನಲ್ಲಿ ಮಾವ ನನ್ನ ಜೊತೆ ಮಾತು ಬಿಟ್ಟಿದ್ದರು. ಭಾನುವಾರದ ಗದ್ದಲ, ನಿಲ್ಲಲೂ ಜಾಗವಿಲ್ಲ. ಯಾರೋ ಪಟದ ಮೇಲೆ ಒರಗಿದರು ಅಂತ ಮಾವ ಅದನ್ನು ನನ್ನ ಕೈಯಿಂದ ಕಸಿದುಕೊಂಡು ತಮ್ಮ ತೊಡೆ ಮೇಲೆ ಇಟ್ಟುಕೊಂಡರು. ಸುಮಾರು ದೂರ ಹೋದ ಮೇಲೆ ಪೇಪರ್ ಸ್ವಲ್ಪ ಸರಿಸಿ ಒಳಗೆ ನೋಡಿದರು. ಮತ್ತೆ ಮುಚ್ಚಿದರು. ಮಂಡ್ಯ ಇನ್ನೇನು ಬಂತು ಅನ್ನುವಾಗ, ನನ್ನ ಕಡೆ ತಿರುಗದೆಯೇ, “ಬಾಲ ಗಿಡ್ಡ ಆಯ್ತು. ಇನ್ನೊಂದ್ ಗೇಣು ಬೇಕು. ಇಲ್ದಿದ್ರೆ ಗೋತಾ ಒಡ್ದು ಕೆಳೀಕ್ ಬೀಳ್ತದೆ. ನಿಮ್ಮವ್ವ ಸೌಮ್ಯಂಗೆ ಚಿಕ್ಕೋಳಿದ್ದಾಗ್ಲೂ ಇದ್ನೇ ಹೇಳ್ತಿದ್ದೆ,” ಅಂದರು. ಕಿಡಲ್ಟುಗಳ ಮನೆತನ ನಮ್ಮದು ಅಂತ ನನಗೆ ಆಗ ಗೊತ್ತಾಯಿತು. ನಾನೊಬ್ಬಳೇ ಹೇಗೋ ತಪ್ಪಿಸಿಕೊಂಡಿದ್ದೆ.

ಅಮ್ಮ, ಈಗ ತಮಾಷೆ ಬಿಟ್ಟು ಹೇಳುತ್ತೇನೆ. ನಾನು ಉಂಡದ್ದು ನಿನ್ನನ್ನು ಕಟ್ಟಿಹಾಕಬಾರದು. ನಿನಗೆ ಬೇಡವೆಂದರೆ ಬೇಡ. ತಾಂಬೂಲ ವಾಪಸ್ ಕೊಟ್ಟು ಬರುತ್ತೇನೆ, ಮಾವನ ಬೈಗುಳ, ಮರಿತಾಯಮ್ಮನ ಕಣ್ಣೀರು ಎಲ್ಲ ನನ್ನ ಪಾಲಿಗೆ. ಜನ ಏನಾದರೂ ಅಂದರೆ ನನ್ನನ್ನು ಅನ್ನಲಿ. ಆದರೆ ನನಗೋಸ್ಕರ ಬೇಡ ಅನ್ನಬೇಡ. ಮಗಳ ಮದುವೆಯಾಗದೆ ತಾಯಿ ಹೇಗೆ ಅಂತ ಶುರುಮಾಡಬೇಡ. ನನಗೆ ನಿನ್ನ ಸಂತೋಷ ಬೇಕು, ನಾನು ಸ್ವಾರ್ಥಿ. ಒಪ್ಪಿಗೆಯಾದರೆ ಬುಧವಾರದೊಳಗೆ ಮಾವನಿಗೆ ಒಂದು ಮಾತು ಹೇಳು, ಆಷಾಢ ಕಳೆದು ಶ್ರಾವಣಕ್ಕೆ ಉಳಿದದ್ದನ್ನು ನೋಡೋಣ. ಪಟ ಅಜ್ಜಿಯ ಜೊತೆ ಬರುತ್ತಿದೆ. ಸಂಜೆ ಡ್ಯೂಟಿ ಮುಗಿದ ಮೇಲೆ ತಾರಸಿಗೆ ಹೋಗು. ಚಿಲಕ ಹಾಕಬೇಡ.

ನಿನ್ನ ಕಡೆಯಿಂದ ಗಂಡು ನೋಡಿ, ಗದ್ದೆಯೆಲ್ಲ ಓಡಿ, ಹೊಟ್ಟೆ ತುಂಬ ಉಂಡು ಬಂದ
ನಿನ್ನ ಮಗಳು,
ಶೋಭಿತಾ

ಮರೆತಿದ್ದು: ಪಟದ ಗುಂಗಿನಲ್ಲಿ ಮರೆತು ಉಂಡೆ ಅಂತ ಮೇಲೆ ಬರೆದಿದ್ದೇನಲ್ಲ, ಅದು ಮಾವನಿಗೆ ಹೇಳಿದ್ದು. ನಿನಗೆ ಸುಳ್ಳು ಹೇಳಲಾರೆ. ಒಂದೂ ಮರೆತಿರಲಿಲ್ಲ. ಎಲ್ಲ ಗೊತ್ತಿದ್ದೇ ಕೈ ತೊಳೆದು ಕೂತೆ. ಮೊದಲ ತುತ್ತು ಮುರಿಯುವಾಗ ಅಜ್ಜಿ ಒಳಗೆ ಬಂದಳು. ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ಈಗ ಎಬ್ಬಿಸುತ್ತಾಳೆ ಅಂದುಕೊಂಡೆ. ಅವಳು ಬಾಗಿಲು ಮುಂದಕ್ಕೆಳೆದು, ಮಾವ ಬೇಗ ಒಳಗೆ ಬಾರದ ಹಾಗೆ ಹೊಸಿಲಿಗೆ ಅಡ್ಡ ಕೂತು, “ಸಣ್ಣ ಮುದ್ದೆ ಅದು, ಮಗೀಗೆ ಇನ್ನೊಂದಾಕು ಮರಿತಾಯಿ,” ಅಂದಳು. ಇದನ್ನು ನಿನಗೆ ಹೇಳಕೂಡದು ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ಓದಲು ಬಾರದ ಅವಳ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಓದುವಾಗ ನಗಬೇಡ, ಎದುರಿಗೇ ಕೂತಿರುತ್ತಾಳೆ.